ಊರಿನ ಗ್ರಂಥಾಲಯಕ್ಕೆ ಓದುವ ಸ್ವಾತಂತ್ರ್ಯ ಮತ್ತು ಎಐ ನೀತಿ: ಬರೆಯುವುದು ಹೇಗೆ, ಜಾರಿ ಮಾಡುವುದು ಹೇಗೆ

ಊರಿನ ಗ್ರಂಥಾಲಯಗಳಲ್ಲಿ ಈಗ ಮೂರು ಥರದ ಸಂದರ್ಭ ಬರುತ್ತಿವೆ. ಒಬ್ಬ ತಂದೆ ಬಂದು "ಈ ಪುಸ್ತಕ ಇಲ್ಲಿ ಯಾಕಿಟ್ಟಿದ್ದೀರಿ, ತೆಗೀರಿ" ಅನ್ನುತ್ತಾರೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿಗೆ ಏನೋ ಕೇಳಿ ಎದ್ದು ಹೋಗುತ್ತಾಳೆ, ಅವಳು ಕೇಳಿದ್ದು ಮುಂದೆ ಕೂರುವವರಿಗೆ ಹಾಗೇ ಕಾಣುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಇಂಥದ್ದೇ ಎಐ (ಕೃತಕ ಬುದ್ಧಿಮತ್ತೆ) ಹೇಳಿದ ಪುಸ್ತಕದ ಹೆಸರು ಬರೆದುಕೊಂಡು ಬಂದು "ಇದು ಬೇಕು" ಅನ್ನುತ್ತಾನೆ. ಅಂಥ ಪುಸ್ತಕ ಯಾರೂ ಬರೆದೇ ಇಲ್ಲ.

ಮೂರು ಸಂದರ್ಭದಲ್ಲೂ ಗ್ರಂಥಾಲಯ ಮೇಲ್ವಿಚಾರಕರು ಒಬ್ಬರೇ ನಿಂತು, ಆ ಕ್ಷಣಕ್ಕೆ ತೋಚಿದ್ದನ್ನು ಹೇಳಬೇಕು. ಅವರ ಬೆನ್ನಿಗೆ ಒಂದು ಹಾಳೆಯೂ ಇರುವುದಿಲ್ಲ. ಜೋರು ದನಿ ಇರುವವರು ಗೆಲ್ಲುತ್ತಾರೆ. ಹಾಗಾಗಬಾರದು ಅಂದರೆ ಗ್ರಂಥಾಲಯಕ್ಕೆ ಬರಹದಲ್ಲಿ ಒಂದು ನೀತಿ ಬೇಕು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪಂಚಾಯಿತಿ ಸದಸ್ಯರು, ಸಲಹಾ ಸಮಿತಿಯವರು, ಮೇಲ್ವಿಚಾರಕರು, ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾನು ಹಿಡಿದಿರುವ ಎಳೆ ಒಂದೇ. ಯಾರು ಏನು ಓದಬಹುದು, ಏನು ಕೇಳಬಹುದು ಎಂಬುದನ್ನು ಯಂತ್ರ ತೀರ್ಮಾನ ಮಾಡಬಾರದು. ಮನುಷ್ಯರು ತೀರ್ಮಾನಿಸಲೇಬೇಕಾದರೆ ಕಾರಣ ಬರೆದು, ಸಹಿ ಹಾಕಿ, ಮೇಲ್ಮನವಿಗೆ ದಾರಿ ಬಿಟ್ಟು ತೀರ್ಮಾನಿಸಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟಿದವು.

ಹೆಜ್ಜೆ 1: ಯಾರ ಗ್ರಂಥಾಲಯ, ಯಾರ ಅಧಿಕಾರ

ಮೊದಲು ಇದನ್ನು ಬಗೆಹರಿಸಿಕೊಳ್ಳಿ. ಇಲ್ಲದಿದ್ದರೆ ಚೆಂದದ ನೀತಿ ಬರೆದೂ "ನಿಮಗೆ ಅಧಿಕಾರ ಎಲ್ಲಿದೆ" ಎಂಬ ಒಂದೇ ಪ್ರಶ್ನೆಗೆ ಅದು ಮೂಲೆ ಸೇರುತ್ತದೆ.

ನಮ್ಮಲ್ಲಿ ಮೂಲ ಕಾನೂನು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ರಾಜ್ಯ, ನಗರ, ಜಿಲ್ಲಾ ಮಟ್ಟದ ಗ್ರಂಥಾಲಯ ಪ್ರಾಧಿಕಾರಗಳು ಬಂದದ್ದು ಅದರಿಂದ. ಮನೆ ಕಂದಾಯದ ಜೊತೆ ನಾವು ಕಟ್ಟುವ ಶೇ. 6ರ ಗ್ರಂಥಾಲಯ ಕರವೂ ಅದರಿಂದಲೇ. ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿವೆ. ಹಳ್ಳಿಯ ಗ್ರಂಥಾಲಯಗಳ ಕಥೆ ಬೇರೆ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವನ್ನೇ ಅರಿವು ಕೇಂದ್ರ ಅನ್ನುತ್ತೇವೆ.

ಹಾಗಾಗಿ ಪಂಚಾಯಿತಿ ಗ್ರಂಥಾಲಯದ ನೀತಿ ಪಂಚಾಯಿತಿ ಸಭೆಯ ನಿರ್ಣಯವಾಗಿ ಬರಬೇಕು. ಸಲಹಾ ಸಮಿತಿ ಇದ್ದರೆ ಕರಡು ಅವರ ಕೆಲಸ. ನಗರದ ಗ್ರಂಥಾಲಯವಾದರೆ ಪ್ರಾಧಿಕಾರದ ಮುಂದೆ ಇಡಿ. ಶಾಲೆಯದಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ.

ಸರ್ಕಾರದ ಆದೇಶ, ಪುಸ್ತಕ ಖರೀದಿಯ ನಿಯಮ ಇವನ್ನು ನಿಮ್ಮ ನೀತಿ ಮೀರಲಾಗದು. ಆದರೆ ದೂರು ಬಂದರೆ ಏನು ಮಾಡಬೇಕು, ವಹಿಯಲ್ಲಿ ಏನು ಬರೆಯಬೇಕು, ಕಂಪ್ಯೂಟರನ್ನು ಹೇಗೆ ಬಳಸಬೇಕು, ದಾನದ ಪುಸ್ತಕ ಹೇಗೆ ತೆಗೆದುಕೊಳ್ಳಬೇಕು ಇವೆಲ್ಲ ನಿಮ್ಮ ಕೈಯಲ್ಲೇ ಇವೆ. ಜಗಳ ಆಗುವುದೂ ಬಹುಮಟ್ಟಿಗೆ ಇಲ್ಲೇ.

ಹೆಜ್ಜೆ 2: ಈಗ ಏನು ನಡೆಯುತ್ತಿದೆ, ಬರೆದುಕೊಳ್ಳಿ

ಒಂದು ವಾರ ಸುಮ್ನೆ ಗಮನಿಸಿ. ಕಂಪ್ಯೂಟರಿನಲ್ಲಿ ಯಾವ ಎಐ ಬಳಕೆಯಾಗುತ್ತಿದೆ? ಯಾರ ಜೀಮೇಲ್ ಖಾತೆಯಿಂದ ತೆರೆದಿದ್ದಾರೆ? ಬಹಳ ಕಡೆ ಮೇಲ್ವಿಚಾರಕರ ಸ್ವಂತ ಖಾತೆಯೇ ದಿನವಿಡೀ ತೆರೆದಿರುತ್ತದೆ. ಎಲ್ಲರ ಪ್ರಶ್ನೆಯೂ ಒಂದೇ ಖಾತೆಯ ಇತಿಹಾಸದಲ್ಲಿ ಕೂರುತ್ತದೆ. ಮೇಲಿನ ಕಚೇರಿಗೆ ಕಳಿಸುವ ವರದಿಗೆ ಎಐ ಬಳಸುತ್ತಿದ್ದಾರಾ? ಕಪಾಟಿನಿಂದ ಈಚೆಗೆ ಯಾವುದಾದರೂ ಪುಸ್ತಕ ಸದ್ದಿಲ್ಲದೆ ಹೋಗಿದೆಯಾ? ಬೀಗ ಹಾಕಿದ ಬೀರುವಿನಲ್ಲಿ ಏನಿದೆ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. "ಮಕ್ಕಳು ಹಾಳು ಮಾಡ್ತಾರೆ" ಅಂತ ಬೀಗ ಹಾಕಿದ ಪುಸ್ತಕ ಓದುಗರ ಪಾಲಿಗೆ ಇಲ್ಲದ ಪುಸ್ತಕ. ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರ ಕೊಟ್ಟಾಗ ಮೊದಲನೆಯದಾಗಿ ಇಟ್ಟದ್ದೇ ಪುಸ್ತಕ ಇರುವುದು ಬಳಕೆಗೆ ಎಂಬುದನ್ನು.

ಹೆಜ್ಜೆ 3: ಓದುವ ಸ್ವಾತಂತ್ರ್ಯದ ಭಾಗ ಬರೆಯಿರಿ

ಎಐ ಭಾಗಕ್ಕಿಂತ ಮೊದಲು ಇದನ್ನೇ ಬರೆಯಬೇಕು. ಇದು ಗಟ್ಟಿಯಾಗಿದ್ದರೆ ಎಐ ಭಾಗದಲ್ಲಿ ಅರ್ಧ ಕೆಲಸ ಮುಗಿದಂತೆ.

ಆಧಾರ ನಮ್ಮ ಸಂವಿಧಾನದಲ್ಲೇ ಇದೆ. 19(1)(ಎ) ವಿಧಿ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುತ್ತದೆ. ಮಾಹಿತಿ ಪಡೆಯುವ ಹಕ್ಕೂ ಅದರೊಳಗೇ ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. 19(2)ರ ಪ್ರಕಾರ ಅದಕ್ಕೆ ಮಿತಿ ಹಾಕಬಹುದು, ಆದರೆ ಕಾನೂನಿನ ಮೂಲಕ ಮಾತ್ರ. ಪುಸ್ತಕವನ್ನು ಮುಟ್ಟುಗೋಲು ಹಾಕುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ ಪ್ರಕಾರ ರಾಜ್ಯ ಸರ್ಕಾರಕ್ಕಿದೆ. ಸರ್ಕಾರವೂ ಕಾರಣ ಹೇಳಿ ಅಧಿಸೂಚನೆ ಹೊರಡಿಸಬೇಕು. ಅದನ್ನು ಪ್ರಶ್ನಿಸಿ ಎರಡು ತಿಂಗಳ ಒಳಗೆ ಹೈಕೋರ್ಟಿಗೆ ಹೋಗಬಹುದು. ಸರ್ಕಾರಕ್ಕೇ ಇಷ್ಟು ಕಟ್ಟುಪಾಡು ಇರುವಾಗ ಒಬ್ಬ ಸದಸ್ಯರೋ ಒಬ್ಬ ಮುಖಂಡರೋ ಬಂದು ಬಾಯಿಮಾತಿನಲ್ಲಿ "ತೆಗೆಯಿರಿ" ಅಂದರೆ ತೆಗೆಯುವುದು ಹೇಗೆ ಸರಿ?

ಹೊರಗಿನ ಬೆಂಬಲವೂ ಇದೆ. ಯುನೆಸ್ಕೊ ಮತ್ತು ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ ಸೇರಿ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ತಂದಿವೆ. ಅದರ ಹೊಸ ರೂಪ 2022ರದು. ಗ್ರಂಥಾಲಯದ ಸಂಗ್ರಹ ಸಿದ್ಧಾಂತ, ರಾಜಕೀಯ, ಧರ್ಮದ ಕತ್ತರಿಗೂ ವ್ಯಾಪಾರದ ಒತ್ತಡಕ್ಕೂ ಒಳಗಾಗಬಾರದು ಎಂದು ಅದು ಹೇಳುತ್ತದೆ. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲೇ ಗ್ರಂಥಾಲಯ ಹಕ್ಕುಗಳ ಘೋಷಣೆ ಒಪ್ಪಿಕೊಂಡಿತು. ಓದುಗರ ಖಾಸಗಿತನವನ್ನು ಅದಕ್ಕೆ ಪ್ರತ್ಯೇಕ ಕಲಂ ಆಗಿ ಸೇರಿಸಿದ್ದು 2019ರಲ್ಲಿ.

ದೂರದ ಮಾತು ಯಾಕೆ ಅನ್ನುವವರಿಗೆ ಹತ್ತಿರದ ಉದಾಹರಣೆ ಕೊಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು. ಪ್ರಶ್ನೆ ಕೇಳುವುದನ್ನು ಜೀವನವಿಡೀ ಕಲಿಸಿದವರು ನಮ್ಮ ಸೀಮೆಯವರೇ.

ನೀತಿಯಲ್ಲಿ ಹೀಗೆ ಬರೆಯಬಹುದು:

"ಈ ಗ್ರಂಥಾಲಯ ಎಲ್ಲ ಜಾತಿ, ಧರ್ಮ, ಪಕ್ಷ, ವಯಸ್ಸಿನ ಓದುಗರಿಗೆ ಸೇರಿದ್ದು. ಒಂದು ಪುಸ್ತಕ ಕಪಾಟಿನಲ್ಲಿದೆ ಎಂದರೆ ಅದರ ಮಾತನ್ನು ಪಂಚಾಯಿತಿ ಒಪ್ಪಿದೆ ಎಂದು ಅರ್ಥವಲ್ಲ. ಬೇಡವಾದ ಪುಸ್ತಕವನ್ನು ಓದದೆ ಇರುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅದನ್ನು ಇನ್ನೊಬ್ಬರು ಓದದಂತೆ ತಡೆಯುವ ಹಕ್ಕು ಯಾರಿಗೂ ಇಲ್ಲ."

ಕೊನೆಯ ಎರಡು ವಾಕ್ಯ ಬಿಡಲೇಬೇಡಿ. ಸಭೆಯಲ್ಲಿ ವಾದ ಬಂದಾಗ ಕೈ ಹಿಡಿಯುವುದು ಅವೇ.

ದೂರಿನ ದಾರಿ

ದೂರು ಕೊಡುವವರನ್ನು ಶತ್ರು ಥರ ನೋಡಬೇಡಿ. ಬಹಳಷ್ಟು ಜನ ನಿಜವಾದ ಕಾಳಜಿಯಿಂದಲೇ ಬರುತ್ತಾರೆ. ಅವರಿಗೂ ಗೌರವದ ದಾರಿ ಬೇಕು. ಒಂದು ಹಾಳೆಯ ನಮೂನೆ ಮಾಡಿ: ದೂರುದಾರರ ಹೆಸರು, ಪುಸ್ತಕದ ಹೆಸರು, ಪೂರ್ತಿ ಓದಿದ್ದೀರಾ, ಯಾವ ಪುಟದ ಬಗ್ಗೆ ಆಕ್ಷೇಪ, ಏನಾಗಬೇಕು ಅನ್ನುತ್ತೀರಿ. ಬರೆಯಲು ಬಾರದವರು ಹೇಳಿದ್ದನ್ನು ಮೇಲ್ವಿಚಾರಕರು ಬರೆದು, ಓದಿ ಹೇಳಿ, ಹೆಬ್ಬೆಟ್ಟು ತೆಗೆದುಕೊಳ್ಳಲಿ. ಹೆಸರಿಲ್ಲದ ದೂರು, ವಾಟ್ಸಾಪ್ ಮೆಸೇಜು, ಫೋನ್ ಕರೆ ಯಾವುದನ್ನೂ ದೂರು ಅಂತ ತೆಗೆದುಕೊಳ್ಳಬೇಡಿ.

ದೂರು ಬಂದ ಮೇಲೆ ತೀರ್ಮಾನ ಆಗುವವರೆಗೂ ಪುಸ್ತಕ ಕಪಾಟಿನಲ್ಲೇ ಇರಬೇಕು. ಇದು ಇಡೀ ನೀತಿಯ ಬೆನ್ನುಮೂಳೆ. "ಸದ್ಯಕ್ಕೆ ಒಳಗಿಡೋಣ" ಅಂದರೆ ಅಲ್ಲಿಗೆ ಮುಗಿಯಿತು, ಆ ಪುಸ್ತಕ ಹೊರಗೆ ಬರುವುದೇ ಇಲ್ಲ.

ಮೂರು ಜನರ ಪರಿಶೀಲನಾ ತಂಡ ಮಾಡಿ. ಒಬ್ಬ ಶಿಕ್ಷಕಿ ಅಥವಾ ಶಿಕ್ಷಕರು, ಗ್ರಂಥಾಲಯಕ್ಕೆ ದಿನಾ ಬರುವ ಒಬ್ಬ ಓದುಗರು, ಒಬ್ಬ ಪಂಚಾಯಿತಿ ಸದಸ್ಯರು. ಮೂವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಮೂವರೂ ಪುಸ್ತಕವನ್ನು ಪೂರ್ತಿ ಓದಬೇಕು. ಗುರುತು ಹಾಕಿದ ಪುಟ ಮಾತ್ರ ಓದಿದರೆ ಯಾವ ಒಳ್ಳೆಯ ಕಾದಂಬರಿಯನ್ನೂ ಕೆಟ್ಟದ್ದು ಅಂತ ತೋರಿಸಬಹುದು. 30 ದಿನದಲ್ಲಿ ತೀರ್ಮಾನ ಬರೆದು, ಕಾರಣ ಕೊಟ್ಟು, ದೂರುದಾರರಿಗೆ ಪ್ರತಿ ಕೊಡಿ. ಒಪ್ಪದಿದ್ದರೆ ಪಂಚಾಯಿತಿಯ ಪೂರ್ಣ ಸಭೆಗೆ ಮೇಲ್ಮನವಿ. ಅದೇ ಪುಸ್ತಕದ ಮೇಲೆ ಎರಡು ವರ್ಷ ಮತ್ತೆ ಅದೇ ದೂರು ಬೇಡ. ದಿನ, ವರ್ಷಗಳ ಲೆಕ್ಕ ನನ್ನ ಸಲಹೆ. ನಿಮ್ಮ ಅನುಕೂಲಕ್ಕೆ ಬದಲಿಸಿ, ಆದರೆ ಗಡುವು ಇಲ್ಲದೆ ಬಿಡಬೇಡಿ.

ಹಳೆ ಪುಸ್ತಕ ತೆಗೆಯುವುದು ಬೇರೆ ವಿಷಯ

ಗೆದ್ದಲು ತಿಂದದ್ದು, ಹಾಳೆ ಕಿತ್ತದ್ದು, ಮಾಹಿತಿ ಹಳತಾದದ್ದು ಹೋಗಲೇಬೇಕು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಆದರೂ ಹಳೆ ಕಾನೂನು ಗೈಡು ಓದಿ ಪೊಲೀಸ್ ಪರೀಕ್ಷೆಗೆ ಕೂರುವ ಹುಡುಗರಿದ್ದಾರೆ. ಅಂಥ ಪುಸ್ತಕದ ಮೇಲೆ "ಹಳೆಯ ಕಾನೂನು" ಅಂತ ಚೀಟಿ ಅಂಟಿಸಿ, ಹೊಸದನ್ನು ಪಕ್ಕದಲ್ಲಿಡಿ. ತೆಗೆಯುವ ಪ್ರತಿ ಪುಸ್ತಕಕ್ಕೂ ಹೆಸರು, ಕಾರಣ, ತಾರೀಕು ಬರೆದ ಪಟ್ಟಿ ಇರಲಿ. "ಹರಿದಿದೆ" ಎಂಬ ನೆಪದಲ್ಲಿ ಯಾರಿಗೋ ಬೇಡವಾದ ಪುಸ್ತಕ ಹೊರಗೆ ಹೋಗುವುದನ್ನು ತಡೆಯುವುದು ಆ ಪಟ್ಟಿಯೇ.

ಹೆಜ್ಜೆ 4: ಎಐಗೆ ಗೆರೆ ಎಳೆಯಿರಿ

ಇಲ್ಲಿ ಎರಡು ಅತಿ ಇವೆ. ಒಂದು, "ಎಐ ಬೇಡವೇ ಬೇಡ" ಅನ್ನುವುದು. ಇನ್ನೊಂದು, "ಎಲ್ಲ ಅದೇ ಮಾಡಲಿ" ಅನ್ನುವುದು. ಎರಡನ್ನೂ ನಾನು ಒಪ್ಪುವುದಿಲ್ಲ. ಊರಿನಲ್ಲಿ ಟ್ಯೂಷನ್‌ಗೆ ದುಡ್ಡಿಲ್ಲದ ಮನೆಯ ಮಗುವಿಗೆ ಗಣಿತದ ಲೆಕ್ಕ ಬಿಡಿಸಿ ಹೇಳುವ ಸಾಧನವನ್ನು ಗ್ರಂಥಾಲಯವೇ ಮುಚ್ಚಿದರೆ, ದುಡ್ಡಿದ್ದವರ ಮನೆಯಲ್ಲಿ ಅದು ಹೇಗೂ ಇರುತ್ತದೆ. ಎಐ ಬಳಸುವುದೂ ಮಾಹಿತಿ ಪಡೆಯುವ ಒಂದು ದಾರಿ. ಅದನ್ನು ತಡೆಯುವುದೂ ಓದುವುದನ್ನು ತಡೆದಂತೆಯೇ.

ಆದರೆ ತೀರ್ಮಾನದ ಕೆಲಸಕ್ಕೆ ಎಐ ಬೇಡ. 2023ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಮೇಸನ್ ಸಿಟಿಯಲ್ಲಿ ಏನಾಯಿತು ನೋಡಿ. ಲೈಂಗಿಕ ಕ್ರಿಯೆಯ ವರ್ಣನೆ ಇರುವ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಇರಬಾರದು ಎಂದು ರಾಜ್ಯ ಹೊಸ ಕಾನೂನು ತಂದಿತ್ತು. ಪ್ರತಿ ಪುಸ್ತಕ ಓದುವುದಕ್ಕೆ ಆಗುವುದಿಲ್ಲ ಎಂದು ಶಾಲಾ ಆಡಳಿತದವರು ಆಕ್ಷೇಪ ಬಂದಿದ್ದ ಪುಸ್ತಕಗಳ ಬಗ್ಗೆ ಚಾಟ್‌ಜಿಪಿಟಿಯನ್ನೇ ಕೇಳಿದರು. ಕೊನೆಗೆ 19 ಪುಸ್ತಕ ಹೊರಗೆ ಹೋದವು. ಪತ್ರಕರ್ತರು ಅದೇ ಪ್ರಶ್ನೆ ಕೇಳಿ ನೋಡಿದಾಗ ಕೆಲವು ಪುಸ್ತಕಗಳಿಗೆ ಬೇರೆಯೇ ಉತ್ತರ ಬಂತು. ಇಂಥ ಎಐ ಪುಸ್ತಕವನ್ನು ಮುಂದಿಟ್ಟುಕೊಂಡು ಓದಿ ಉತ್ತರ ಕೊಡುವುದಿಲ್ಲ. ತಾನು ಕಲಿತ ಬರಹದ ರಾಶಿಯಿಂದ, ಯಾವ ಪದದ ನಂತರ ಯಾವುದು ಬರಬಹುದು ಎಂಬ ಅಂದಾಜಿನಿಂದ ವಾಕ್ಯ ಕಟ್ಟುತ್ತದೆ. ಇಂಗ್ಲಿಷಿನ ಹೆಸರಾಂತ ಪುಸ್ತಕಗಳ ಗತಿಯೇ ಹೀಗಾದರೆ ಕನ್ನಡದ ಕಥಾಸಂಕಲನದ ಗತಿ ಏನು? ಕನ್ನಡದ ಪುಸ್ತಕಗಳಲ್ಲಿ ಬಹುಪಾಲು ಅಂತರ್ಜಾಲಕ್ಕೆ ಬಂದೇ ಇಲ್ಲ.

ಹಾಗಾಗಿ ಗೆರೆ ಹೀಗಿರಲಿ.

ಎಐ ಮಾಡಲೇಬಾರದ ಕೆಲಸ: ಪುಸ್ತಕ ತೆಗೆಯುವ, ದೂರು ತೀರ್ಮಾನಿಸುವ, ಯಾವ ಓದುಗರಿಗೆ ಯಾವ ಪುಸ್ತಕ ಕೊಡಬಾರದು ಎಂದು ಹೇಳುವ, ಓದುಗರ ಮುಖ ಗುರುತಿಸುವ, ಅವರ ಓದಿನ ಪಟ್ಟಿ ನೋಡಿ "ಇವರು ಇಂಥವರು" ಎಂದು ಊಹಿಸುವ ಕೆಲಸ. ಪರಿಶೀಲನಾ ತಂಡ ಪುಸ್ತಕ ಓದುವ ಬದಲು ಎಐನಿಂದ ಸಾರಾಂಶ ತೆಗೆದು ಸಹಿ ಹಾಕುವುದೂ ಇದರಲ್ಲೇ ಸೇರುತ್ತದೆ. ಆಮಿಷ ಬರುವುದು ಅಲ್ಲೇ, ಹಾಗಾಗಿ ಇದನ್ನು ಬಿಡಿಸಿ ಬರೆಯಿರಿ.

ಹೇಳಿ ಮಾಡಬೇಕಾದ ಕೆಲಸ: ಅನುವಾದ, ಪುಸ್ತಕ ಪರಿಚಯ, ಪೋಸ್ಟರ್, ಸೂಚನಾ ಫಲಕ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಶಿರಾ, ಕೋಲಾರದಲ್ಲಿ ಉರ್ದು ಓದುಗರಿದ್ದಾರೆ. ಅವರಿಗೆ ಸೂಚನೆ ಅನುವಾದ ಮಾಡಿಕೊಡಲು ಎಐ ಒಳ್ಳೆಯ ಸಹಾಯ. ಕೇಂದ್ರ ಸರ್ಕಾರದ ಅನುವಾದ ಸಾಧನ ಭಾಷಿಣಿಯೂ ಇದೆ. ಆದರೆ ಆ ಭಾಷೆ ಬಲ್ಲ ಒಬ್ಬರು ಓದಿದ ಮೇಲೆಯೇ ಗೋಡೆಗೆ ಅಂಟಿಸಿ, ಕೆಳಗೆ "ಎಐ ನೆರವಿನ ಅನುವಾದ" ಅಂತ ಬರೆಯಿರಿ.

ಧಾರಾಳವಾಗಿ ಮಾಡಬಹುದಾದ ಕೆಲಸ: ಕಣ್ಣು ಕಾಣದವರಿಗೆ, ಓದು ಬಾರದವರಿಗೆ ಪುಟವನ್ನು ಗಟ್ಟಿಯಾಗಿ ಓದಿಸುವುದು, ಕಷ್ಟದ ಪಾಠವನ್ನು ಸುಲಭ ಮಾಡಿ ಕೇಳುವುದು, ಅರ್ಜಿ ಬರೆಯುವುದಕ್ಕೆ ನೆರವು. ಅಂಗವಿಕಲರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆಯೇ 2012ರ ತಿದ್ದುಪಡಿಯಲ್ಲಿ ಅವಕಾಶ ಕೊಟ್ಟಿದೆ. ಹೆದರಬೇಕಾಗಿಲ್ಲ.

ಇಲ್ಲದ ಪುಸ್ತಕ, ಎಐ ಬರೆದ ಪುಸ್ತಕ

2025ರ ಮೇ ತಿಂಗಳಲ್ಲಿ ಚಿಕಾಗೊದ ಒಂದು ದೊಡ್ಡ ಪತ್ರಿಕೆ ಬೇಸಿಗೆ ಓದಿಗೆ 15 ಪುಸ್ತಕಗಳ ಪಟ್ಟಿ ಹಾಕಿತು. ಅದರಲ್ಲಿ 10 ಪುಸ್ತಕ ಇಲ್ಲವೇ ಇಲ್ಲ. ಲೇಖಕರು ನಿಜ, ಪುಸ್ತಕ ಸುಳ್ಳು. ಪಟ್ಟಿ ತಯಾರಿಸಿದವರು ಎಐ ಬಳಸಿ, ತಾಳೆ ನೋಡದೆ ಕಳಿಸಿದ್ದರು. ಆದ್ದರಿಂದ ಪುಸ್ತಕ ಬೇಡಿಕೆಯ ಪಟ್ಟಿಗೆ ಒಂದು ನಿಯಮ ಸೇರಿಸಿ: ಪ್ರಕಾಶಕರ ಹೆಸರು, ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಅಥವಾ ಯಾವುದಾದರೂ ಗ್ರಂಥಾಲಯದ ಸೂಚಿಯಲ್ಲಿ ದಾಖಲೆ, ಈ ಮೂರರಲ್ಲಿ ಒಂದೂ ಸಿಗದ ಪುಸ್ತಕವನ್ನು ಬೇಡಿಕೆಗೆ ಸೇರಿಸಬಾರದು. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ. ಅದಕ್ಕೇ "ಅಥವಾ" ಎಂಬ ಪದ ಬೇಕು.

ದಾನವಾಗಿ ಬರುವ ಪುಸ್ತಕಗಳಿಗೂ ಇದೇ ಎಚ್ಚರ. 2023ರಲ್ಲಿ ಅಣಬೆ ಗುರುತಿಸುವ ಬಗ್ಗೆ ಎಐ ಬರೆದಂತೆ ಕಂಡ ಪುಸ್ತಕಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅಲ್ಲಿನ ಅಣಬೆ ತಜ್ಞರು ಎಚ್ಚರಿಕೆ ಕೊಟ್ಟರು. ತಪ್ಪು ಅಣಬೆ ತಿಂದರೆ ಜೀವವೇ ಹೋಗಬಹುದು. ನಮ್ಮಲ್ಲಿ ಔಷಧಿ, ಬೆಳೆ ರೋಗ, ಕಾನೂನು, ಪರೀಕ್ಷಾ ಗೈಡು ಈ ನಾಲ್ಕು ಬಗೆಯಲ್ಲಿ ಜಾಸ್ತಿ ಜಾಗ್ರತೆ ಬೇಕು. ಲೇಖಕರು ಯಾರು, ಪ್ರಕಾಶಕರ ವಿಳಾಸ ಇದೆಯಾ, ಯಾವ ವರ್ಷದ್ದು ಎಂದು ನೋಡಿ. ದಾನ ಕೊಟ್ಟ ಮಾತ್ರಕ್ಕೆ ಕಪಾಟಿಗೆ ಸೇರಿಸಲೇಬೇಕು ಅಂತ ಇಲ್ಲ. ಪಕ್ಷ, ಮಠ, ಸಂಘ ಯಾರೇ ಕೊಟ್ಟರೂ ಅಳತೆ ಒಂದೇ ಇರಲಿ.

ಹೆಜ್ಜೆ 5: ಓದುಗರ ಗುಟ್ಟು ಕಾಯಿರಿ

ಸ್ವಾತಂತ್ರ್ಯದ ಬಗ್ಗೆ ಎಷ್ಟೇ ಚೆನ್ನಾಗಿ ಬರೆದರೂ ಇದು ಸಡಿಲ ಇದ್ದರೆ ಪ್ರಯೋಜನವಿಲ್ಲ. ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಯಾರು ಯಾವ ಪುಸ್ತಕ ಒಯ್ದರು ಅನ್ನುವುದು ಸಂಜೆಯೊಳಗೆ ಮನೆ ತಲುಪುತ್ತದೆ ಅಂದರೆ, ಮದುವೆ ಕಾಯ್ದೆಯ ಪುಸ್ತಕವನ್ನು ಯಾವ ಹೆಣ್ಣುಮಗಳು ಮುಟ್ಟುತ್ತಾಳೆ? ಕುಡಿತ ಬಿಡಿಸುವ ಪುಸ್ತಕವನ್ನು ಯಾವ ಗಂಡಸು ಕೇಳುತ್ತಾನೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು.

ಮೊದಲು ಕಾಗದದ ವಹಿಯನ್ನು ಸರಿಮಾಡಿ. ಪುಸ್ತಕ ವಾಪಸ್ ಬಂದ ಮೇಲೆ, ಲೆಕ್ಕ ತಪಾಸಣೆ ಮುಗಿದ ಮೇಲೆ, ಯಾರು ಯಾವುದನ್ನು ಓದಿದರು ಎಂಬ ವಿವರ ಹೊರಗಿನವರ ಕಣ್ಣಿಗೆ ಬೀಳದಂತೆ ಇಡಿ. ವಹಿ ಮೇಜಿನ ಮೇಲೆ ತೆರೆದಿರಬಾರದು. ಪುಸ್ತಕ ತಡವಾದವರ ಹೆಸರು, ಪುಸ್ತಕದ ಹೆಸರು ಎರಡನ್ನೂ ಊರಿನ ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ಇವತ್ತೇ ನಿಲ್ಲಿಸಿ. ಅವರೊಬ್ಬರಿಗೇ ಫೋನ್ ಮಾಡಿದರೆ ಆಯಿತಲ್ವಾ?

ಕಂಪ್ಯೂಟರಿಗೆ ಬನ್ನಿ. ಎಐಗೆ ಟೈಪ್ ಮಾಡಿದ್ದು ಕಂಪ್ಯೂಟರಿನಲ್ಲಿ ಮಾತ್ರ ಇರುವುದಿಲ್ಲ, ಆ ಕಂಪನಿಯ ಸರ್ವರಿಗೆ ಹೋಗುತ್ತದೆ. ಹಾಗಾಗಿ:

"ಎಐ ಬಳಕೆಗೆ ಗ್ರಂಥಾಲಯದ ಪ್ರತ್ಯೇಕ ಖಾತೆ ಇರಬೇಕು. ಚಾಟ್ ಇತಿಹಾಸ ಮತ್ತು ತರಬೇತಿಗೆ ಬಳಸುವ ಆಯ್ಕೆ, ಎರಡನ್ನೂ ಆಫ್ ಮಾಡಿರಬೇಕು. ಪ್ರತಿ ಓದುಗರು ಎದ್ದ ಮೇಲೆ ಪುಟ ಮುಚ್ಚಿ ಇತಿಹಾಸ ಅಳಿಸಬೇಕು. ಆಧಾರ್, ಫೋನ್ ನಂಬರ್, ಬ್ಯಾಂಕ್ ವಿವರ, ವೈದ್ಯರ ವರದಿಯನ್ನು ಯಾರೂ ಎಐಗೆ ಹಾಕಬಾರದು. ಸಿಬ್ಬಂದಿ ಓದುಗರ ಪಟ್ಟಿಯನ್ನು ಯಾವ ಎಐಗೂ ಕೊಡಬಾರದು."

ಕೊನೆಯ ವಾಕ್ಯ ಯಾಕೆ ಅಂದರೆ, "ಈ ಎಕ್ಸೆಲ್ ನೋಡಿ ವರದಿ ಮಾಡಿಕೊಡು" ಅಂತ ಇಡೀ ಸದಸ್ಯರ ಪಟ್ಟಿ ಹಾಕುವುದು ಬಹಳ ಸುಲಭ. ಹೆಸರು, ನಂಬರ್ ತೆಗೆದು ಬರೀ ಅಂಕಿ ಕೊಟ್ಟರೂ ವರದಿ ಬರುತ್ತದೆ.

ಬ್ರೌಸರಿನಲ್ಲಿ ಅತಿಥಿ ಕಿಟಕಿ (ಗೆಸ್ಟ್ ಮೋಡ್) ತೆರೆದುಕೊಡುವುದು ಇನ್ನೂ ಒಳ್ಳೆಯದು. ಮುಚ್ಚಿದ ಕೂಡಲೇ ಆ ಕಂಪ್ಯೂಟರಿನಲ್ಲಿ ಅಳಿಸಿಹೋಗುತ್ತದೆ. ಪರದೆಯನ್ನು ಗೋಡೆ ಕಡೆ ತಿರುಗಿಸಿದರೆ ಹಿಂದಿನಿಂದ ಇಣುಕುವುದೂ ತಪ್ಪುತ್ತದೆ. ಇದಕ್ಕೆ ಖರ್ಚೇ ಇಲ್ಲ.

ಪೊಲೀಸರೋ ಅಧಿಕಾರಿಗಳೋ ಯಾರ ಓದಿನ ವಿವರ ಕೇಳಿದರೂ ಲಿಖಿತ ಆದೇಶ ಕೇಳಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಗಮನಕ್ಕೆ ತನ್ನಿ. ಬಾಯಿಮಾತಿಗೆ ಕೊಡಬೇಡಿ.

ಹೆಜ್ಜೆ 6: ಮಕ್ಕಳು

2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದ ಪಂಚಾಯಿತಿ ಗ್ರಂಥಾಲಯಕ್ಕೆ ಲಕ್ಷಗಟ್ಟಲೆ ಮಕ್ಕಳು ಸೇರಿದರು. ಹಾಗಾಗಿ ಎಐ ಮುಂದೆ ಕೂರುವವರಲ್ಲಿ ಮಕ್ಕಳೇ ಜಾಸ್ತಿ.

2023ರ ಕಾಯ್ದೆ 18 ವರ್ಷದ ಒಳಗಿನವರನ್ನೆಲ್ಲ ಮಗು ಅನ್ನುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಅವರ ಚಲನವಲನ ಹಿಂಬಾಲಿಸುವುದು, ಅವರಿಗೆಂದೇ ಗುರಿಯಿಟ್ಟು ಜಾಹೀರಾತು ಹಾಕುವುದು ಕೂಡದು ಅನ್ನುತ್ತದೆ. ಚಾಟ್‌ಜಿಪಿಟಿಯ ಷರತ್ತೂ ಹೀಗೇ ಇದೆ: 13 ವರ್ಷದ ಒಳಗಿನವರಿಗೆ ಅಲ್ಲ, 13ರಿಂದ 18ರವರೆಗೆ ಪೋಷಕರ ಒಪ್ಪಿಗೆ ಬೇಕು. ನನ್ನ ಸಲಹೆ: 13ರ ಒಳಗಿನವರು ಮೇಲ್ವಿಚಾರಕರ ಅಥವಾ ಶಿಕ್ಷಕರ ಜೊತೆ ಕೂತು, ಅವರ ಕೈಯಿಂದಲೇ ಕೇಳಿಸಲಿ. ದೊಡ್ಡ ಮಕ್ಕಳಿಗೆ ವರ್ಷಕ್ಕೊಮ್ಮೆ ಪೋಷಕರ ಸಹಿ.

ಫಿಲ್ಟರ್ ಹಾಕುವಾಗ ಹುಷಾರು. ಪದ ನೋಡಿ ಅಡ್ಡ ಹಾಕುವ ಫಿಲ್ಟರ್ ಸ್ತನ ಕ್ಯಾನ್ಸರ್, ಮುಟ್ಟು, ಲೈಂಗಿಕ ಕಿರುಕುಳದ ಕಾನೂನು ಇವನ್ನೂ ಅಡ್ಡ ಹಾಕಬಹುದು. ಹದಿನಾಲ್ಕರ ಹುಡುಗಿಗೆ ನಿಜವಾಗಿ ಬೇಕಾದ ಮಾಹಿತಿ ಇದೇ. ಅಶ್ಲೀಲ ಚಿತ್ರ, ಜೂಜಿನ ತಾಣ ಮುಚ್ಚಿ. ಆರೋಗ್ಯ, ಕಾನೂನು ತೆರೆದಿಡಿ. ಯಾವುದಾದರೂ ತಪ್ಪಾಗಿ ಮುಚ್ಚಿದ್ದರೆ ಕಾರಣ ಕೇಳದೆ ತೆರೆದುಕೊಡುವಂತಿರಲಿ. ಮಗು ತೊಂದರೆಯಲ್ಲಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098. ಆ ನಂಬರ್ ಕಂಪ್ಯೂಟರ್ ಮೇಲೆ ಅಂಟಿಸಿ.

ಮಕ್ಕಳನ್ನೂ ಕೇಳಿ. ಮಕ್ಕಳ ಗ್ರಾಮಸಭೆಯಲ್ಲಿ ಈ ಕರಡನ್ನು ಓದಿದರೆ, ದೊಡ್ಡವರಿಗೆ ಹೊಳೆಯದ ಪ್ರಶ್ನೆ ಅವರು ಕೇಳುತ್ತಾರೆ.

ಹೆಜ್ಜೆ 7: ಒಪ್ಪುವ ಮೊದಲು ಎಐ ಪರೀಕ್ಷೆ ಮಾಡಿ

ಯಾವ ಎಐಯನ್ನು ಗ್ರಂಥಾಲಯದಲ್ಲಿ ಇಡುತ್ತೀರೋ ಅದಕ್ಕೆ ನಿಮಗೆ ಉತ್ತರ ಗೊತ್ತಿರುವ ಹತ್ತು ಪ್ರಶ್ನೆ ಕನ್ನಡದಲ್ಲಿ ಕೇಳಿ. ವಿದುರಾಶ್ವತ್ಥದ ಗೋಲಿಬಾರ್ ಯಾವತ್ತು? ಉತ್ತರ 1938ರ ಏಪ್ರಿಲ್ 25. ತುಮಕೂರು ಜಿಲ್ಲೆಯಲ್ಲಿ ಎಷ್ಟು ತಾಲ್ಲೂಕು? ಹತ್ತು. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಊರು? ಮುದ್ದೇನಹಳ್ಳಿ. ಆಮೇಲೆ ನಿಮ್ಮ ಪಂಚಾಯಿತಿಯ ಕೆರೆ, ದೇವಸ್ಥಾನ, ಜಾತ್ರೆ ಬಗ್ಗೆ ಕೇಳಿ. ದೊಡ್ಡ ವಿಷಯಕ್ಕೆ ಸರಿ ಹೇಳಿದ್ದು ಇಲ್ಲಿ ಕಥೆ ಕಟ್ಟಬಹುದು.

ಒಂದೆರಡು ಬಲೆ ಪ್ರಶ್ನೆಯೂ ಇರಲಿ. ಇಲ್ಲದ ಪುಸ್ತಕದ ಹೆಸರು ಹೇಳಿ "ಇದರ ಸಾರಾಂಶ ಕೊಡು" ಅನ್ನಿ. "ಅಂಥ ಪುಸ್ತಕ ನನಗೆ ಗೊತ್ತಿಲ್ಲ" ಅಂದರೆ ಒಳ್ಳೆಯದು. ಎರಡು ಪುಟ ಸಾರಾಂಶ ಕೊಟ್ಟರೆ ಅದನ್ನು ಪ್ರಿಂಟ್ ತೆಗೆದು ಕಂಪ್ಯೂಟರ್ ಪಕ್ಕ ಅಂಟಿಸಿ. ಎಐ ಬಗ್ಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಅದೇ ಪ್ರಶ್ನೆಗಳನ್ನು ಮಾರನೇ ದಿನ ಮತ್ತೆ ಕೇಳಿ, ಉತ್ತರ ಬದಲಾಯಿತಾ ನೋಡಿ.

ವಿವಾದದ ವಿಷಯವನ್ನೂ ಕೇಳಿ. ಮೀಸಲಾತಿ, ಎತ್ತಿನಹೊಳೆ ಯೋಜನೆ, ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬಿಸುವುದು. ಎಐ ಒಂದೇ ನಯವಾದ ದನಿಯಲ್ಲಿ ಉತ್ತರ ಕೊಡುತ್ತದೆ. ಓದುಗರಿಗೆ ಅದೇ ಪೂರ್ತಿ ಸತ್ಯ ಅನ್ನಿಸಿಬಿಡುತ್ತದೆ. ಕಪಾಟಿನಲ್ಲಾದರೆ ಒಬ್ಬರನ್ನೊಬ್ಬರು ಒಪ್ಪದ ಲೇಖಕರು ಅಕ್ಕಪಕ್ಕ ಇರುತ್ತಾರೆ. ಇಂಥ ವಿಷಯಕ್ಕೆ ಎಐ ಉತ್ತರದ ಜೊತೆ ಎರಡು ಪುಸ್ತಕ ಅಥವಾ ಪತ್ರಿಕೆಯ ಬರಹ ಸೂಚಿಸುವುದು ಮೇಲ್ವಿಚಾರಕರ ಕೆಲಸ ಎಂದು ನೀತಿಯಲ್ಲಿ ಬರೆಯಿರಿ. ಓದುವ ಸ್ವಾತಂತ್ರ್ಯಕ್ಕೆ ಎಐನಿಂದ ಬರುವ ದೊಡ್ಡ ಕುತ್ತು ನಿಷೇಧ ಅಲ್ಲ, ಎಲ್ಲರೂ ಒಂದೇ ಉತ್ತರಕ್ಕೆ ತೃಪ್ತರಾಗುವುದು ಅಂತ ನನಗೆ ಅನ್ನಿಸುತ್ತದೆ.

ಟೊಮೆಟೊಗೆ ಯಾವ ಔಷಧಿ ಎಷ್ಟು ಹೊಡೆಯಬೇಕು, ಮಗುವಿಗೆ ಜ್ವರದ ಮಾತ್ರೆ ಎಷ್ಟು ಎಂದು ಕೇಳುವವರೂ ಬರುತ್ತಾರೆ. ಕೇಳಬೇಡಿ ಅನ್ನಬೇಡಿ. ಉತ್ತರ ನೋಡಲಿ, ಆದರೆ ಪ್ರಮಾಣ ಮಾತ್ರ ರೈತ ಸಂಪರ್ಕ ಕೇಂದ್ರದಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ ಬಳಸಲಿ. ಎರಡರ ಫೋನ್ ನಂಬರನ್ನೂ ಅಲ್ಲೇ ಬರೆದಿಡಿ.

ಹೆಜ್ಜೆ 8: ಸಭೆಗೆ ಒಯ್ಯಿರಿ

ಕರಡು ನಾಲ್ಕು ಪುಟ ಮೀರದಿರಲಿ. ಸಭೆಗೆ ಎರಡು ವಾರ ಮೊದಲು ಗ್ರಂಥಾಲಯದ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಒಂದು ಖಾಲಿ ನೋಟ್‌ಬುಕ್ ಇಡಿ. ಬಂದ ಅಭಿಪ್ರಾಯಗಳನ್ನು ಸಭೆಯಲ್ಲಿ ಓದಿ. ನಿರ್ಣಯ ನಡಾವಳಿ ಪುಸ್ತಕದಲ್ಲಿ ಪೂರ್ತಿ ದಾಖಲಾಗಬೇಕು. "ಎಐ ನೀತಿಗೆ ಅನುಮೋದನೆ" ಅಂತ ಒಂದು ಸಾಲು ಬರೆದರೆ ಆರು ತಿಂಗಳ ನಂತರ ಯಾರಿಗೂ ಏನೂ ನೆನಪಿರುವುದಿಲ್ಲ. ಪ್ರತಿಯನ್ನು ತಾಲ್ಲೂಕು ಪಂಚಾಯಿತಿಗೆ ಕಳಿಸಿ.

"ಚಿಕ್ಕ ಪಂಚಾಯಿತಿಗೆ ಇದೆಲ್ಲ ಯಾಕೆ" ಎಂಬ ಮಾತು ಬಂದೇ ಬರುತ್ತದೆ. ನೀತಿ ಜಾಸ್ತಿ ಬೇಕಾಗಿರುವುದು ಚಿಕ್ಕ ಕಡೆಯೇ. ಅಲ್ಲಿ ಮೇಲ್ವಿಚಾರಕರು ಒಬ್ಬರೇ, ಸಂಬಳ ಕಡಿಮೆ, ಅವರ ಮೇಲಿನ ಒತ್ತಡ ಜಾಸ್ತಿ. ಆದ್ದರಿಂದ ಈ ಒಂದು ಸಾಲು ಖಂಡಿತ ಸೇರಿಸಿ: "ಈ ನೀತಿಯ ಪ್ರಕಾರ ನಡೆದುಕೊಂಡ ಸಿಬ್ಬಂದಿಯ ಮೇಲೆ ಆ ಕಾರಣಕ್ಕೆ ಯಾವ ಕ್ರಮವನ್ನೂ ತೆಗೆದುಕೊಳ್ಳುವಂತಿಲ್ಲ."

ಅಂಗೀಕಾರವಾದ ಮೇಲೆ ಮೇಲ್ವಿಚಾರಕರಿಗೆ ಅರ್ಧ ದಿನದ ತರಬೇತಿ ಸಾಕು. ದೂರು ಬಂದಾಗ ಏನು ಹೇಳಬೇಕು ಎಂದು ಇಬ್ಬರು ನಿಂತು ಅಭಿನಯಿಸಿ ತೋರಿಸಿ. ಇತಿಹಾಸ ಅಳಿಸುವುದು, ಅತಿಥಿ ಕಿಟಕಿ ತೆರೆಯುವುದು ಇವನ್ನು ಅವರ ಕೈಯಲ್ಲೇ ಮಾಡಿಸಿ. ಓದುಗರಿಗಾಗಿ ಕಂಪ್ಯೂಟರ್ ಪಕ್ಕ ದೊಡ್ಡ ಅಕ್ಷರದ ಹಾಳೆ ಇರಲಿ: ಇಲ್ಲಿ ನೀವು ಕೇಳಿದ್ದನ್ನು ನಾವು ನೋಡುವುದಿಲ್ಲ. ಎಐ ತಪ್ಪು ಹೇಳಬಹುದು, ಪುಸ್ತಕದಲ್ಲಿ ತಾಳೆ ನೋಡಿ. ನಿಮ್ಮ ಆಧಾರ್, ಫೋನ್, ಬ್ಯಾಂಕ್ ವಿವರ ಹಾಕಬೇಡಿ. ಎದ್ದಾಗ ಪುಟ ಮುಚ್ಚಿ.

ಎಐ ಬದಲಾಗುವ ವೇಗಕ್ಕೆ ಆ ಭಾಗವನ್ನು ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಓದುವ ಸ್ವಾತಂತ್ರ್ಯದ ಭಾಗಕ್ಕೆ ಎರಡು ವರ್ಷಕ್ಕೊಮ್ಮೆ ಸಾಕು. ಹಾಗೆ ನೋಡುವಾಗ ಕೈಯಲ್ಲಿ ಮೂರು ಪಟ್ಟಿ ಇರಲಿ: ಬಂದ ದೂರುಗಳು ಮತ್ತು ತೀರ್ಮಾನ, ಕಪಾಟಿನಿಂದ ತೆಗೆದ ಪುಸ್ತಕಗಳು, ಎಐ ತಪ್ಪು ಹೇಳಿದ್ದನ್ನು ಓದುಗರು ತೋರಿಸಿಕೊಟ್ಟ ಸಂದರ್ಭಗಳು. ಮೂರನೆಯದರಲ್ಲಿ ಓದುಗರ ಹೆಸರು ಬರೆಯಬೇಡಿ, ಪ್ರಶ್ನೆ ಮತ್ತು ತಪ್ಪು ಉತ್ತರ ಮಾತ್ರ.